ಎಲ್ಕ್ ಬೇಟೆಯ ಕೋವಿ: ಭುಜ ತಡೆಯುವಷ್ಟು ಸಾಕು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಅಮೆರಿಕ ಪ್ರವಾಸದ ಲೇಖನವನ್ನು ಇಲ್ಲಿ ಕೊಲೊರಾಡೊದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಕುಳಿತು ಮೊಬೈಲಿನಲ್ಲಿ ಓದಿದೆ. ರಾಕಿ ಪರ್ವತಗಳ ವರ್ಣನೆ ಸೊಗಸಾಗಿತ್ತು. ಲೇಖಕರು ಬೇಟೆಗಾರರೊಬ್ಬರ ಮನೆಗೆ ಹೋದ ಭಾಗಕ್ಕೆ ಬಂದಾಗ ಮಾತ್ರ ಕಾಫಿ ಲೋಟ ಕೆಳಗಿಟ್ಟೆ. ಇಲ್ಲಿನ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಕಡವೆ ಎಂದು ಕರೆದು, ಅದನ್ನು ಉರುಳಿಸಲು ಹೆಚ್ಚು ಮದ್ದಿನ ತೋಟೆ ಹಾರಿಸುವ ಮ್ಯಾಗ್ನಂ ರೈಫಲ್ಲೇ ಬೇಕು, ಗುಂಡು ದೊಡ್ಡದಾದಷ್ಟೂ ಒಳ್ಳೆಯದು ಎಂದು ಅವರು ಬರೆದಿದ್ದಾರೆ. ಇದನ್ನು ಓದಿ ನಗುವವರು ನಗಲಿ. ನನ್ನ ಅಣ್ಣನ ಮಗ ಇಂಥದ್ದೇ ಮಾತನ್ನು ನಂಬಿ ಹುಬ್ಬಿಗೆ ಮೂರು ಹೊಲಿಗೆ ಹಾಕಿಸಿಕೊಂಡವನು. ಆದ್ದರಿಂದ ಈ ಪತ್ರ.

ಮೊದಲು ಹೆಸರಿನ ವಿಷಯ. ಎಲ್ಕ್ ಎಂದರೆ ಕಡವೆಯಲ್ಲ. ತಪ್ಪು ಎಲ್ಲಿಂದ ಬಂದಿರಬಹುದೆಂದು ಊಹಿಸಬಲ್ಲೆ. ಸಿಲೋನ್ ಮತ್ತು ದಕ್ಷಿಣ ಭಾರತದಲ್ಲಿದ್ದ ಬ್ರಿಟಿಷ್ ಬೇಟೆಗಾರರು ನಮ್ಮ ಕಡವೆಯನ್ನೇ ಎಲ್ಕ್ ಎಂದು ಕರೆಯುತ್ತಿದ್ದರು. ಯುರೋಪಿನಲ್ಲಿ ಆ ಹೆಸರು ಸಲ್ಲುವುದು ಇನ್ನೊಂದು ಪ್ರಾಣಿಗೆ, ಅಮೆರಿಕದವರು ಮೂಸ್ ಎನ್ನುವುದಕ್ಕೆ. ಅಮೆರಿಕಕ್ಕೆ ಬಂದ ಇಂಗ್ಲಿಷರು ಇಲ್ಲಿನ ದೊಡ್ಡ ಜಿಂಕೆಯನ್ನು ಕಂಡು ಮತ್ತೆ ಅದೇ ಹೆಸರಿಟ್ಟರು. ಅಮೆರಿಕದ ಮೂಲನಿವಾಸಿಗಳಾದ ಶಾನೀ ಜನರು ಅದನ್ನು ವಪಿಟಿ ಎಂದರು, ಬಿಳಿಯ ಹಿಂಭಾಗದ್ದು ಎಂಬರ್ಥದಲ್ಲಿ. ಕಾಡಿನಂಚಿನಲ್ಲಿ ಅದು ತಿರುಗಿ ಓಡುವಾಗ ನೋಡಿದವರಿಗೆ ಆ ಹೆಸರು ಎಷ್ಟು ಸರಿ ಎಂದು ತಿಳಿಯುತ್ತದೆ. ಹೆಣ್ಣು ಸುಮಾರು 220 ಕಿಲೊ, ಬೆಳೆದ ಗಂಡು 300 ಕಿಲೊ ದಾಟುತ್ತದೆ. ದೊಡ್ಡ ಗಂಡು ಕಡವೆಯೂ ತೂಕದಲ್ಲಿ ತೀರಾ ಹಿಂದೆ ಬೀಳುವುದಿಲ್ಲ, ಒಪ್ಪುತ್ತೇನೆ. ಆದರೆ ಕಡವೆ ನಮ್ಮ ಕಡೆ ಒತ್ತು ಕಾಡಿನ ಪ್ರಾಣಿ. ಎಲ್ಕ್ ಹಿಂಡು ಹಿಂಡಾಗಿ ಒಂಬತ್ತು ಹತ್ತು ಸಾವಿರ ಅಡಿ ಎತ್ತರದ ಬಯಲಿನಲ್ಲಿ ಮೇಯುತ್ತದೆ. ಕೋವಿಯ ಆಯ್ಕೆ ಶುರುವಾಗುವುದೇ ಈ ವ್ಯತ್ಯಾಸದಿಂದ.

ನನ್ನ ಪರಿಚಯ ಹೇಳದಿದ್ದರೆ ಇವಳಿಗೇನು ಗೊತ್ತು ಎಂದುಕೊಳ್ಳುತ್ತೀರಿ. ನಾನು ವಿರಾಜಪೇಟೆ ಕಡೆಯವಳು, ವೃತ್ತಿಯಲ್ಲಿ ನರ್ಸ್, ವಯಸ್ಸು 56. ನಮ್ಮ ಮನೆಯಲ್ಲಿ ಅಜ್ಜನ ಜೋಡಿನಳಿಗೆ ಕೋವಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಕಾಡಿಗೆ ಹೋಗಲಿಲ್ಲ. ನಮ್ಮ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ, ಸಂಜೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ, ಅಷ್ಟೇ. ಹನ್ನೊಂದನೆಯ ವಯಸ್ಸಿನಲ್ಲಿ ನಾನು ಮೊದಲ ಕಾಯಿ ಒಡೆದೆ. ಬೇಟೆ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಪಕ್ಕದ ಮನೆಯ ಮುದುಕ ದಂಪತಿಯಿಂದ. ಅಮೆರಿಕದ ರಾಜ್ಯಗಳಲ್ಲಿ ಎಲ್ಕ್ ಅತಿ ಹೆಚ್ಚು ಇರುವುದು ಕೊಲೊರಾಡೊದಲ್ಲಿಯೇ. ವನ್ಯಜೀವಿ ಇಲಾಖೆ ಲೆಕ್ಕ ಹಾಕಿ ಪರವಾನಗಿ ಕೊಡುತ್ತದೆ, ನಮ್ಮಂಥವರು ಅಕ್ಟೋಬರ್‌ಗಾಗಿ ಕಾಯುತ್ತೇವೆ.

ಈಗ ಅಣ್ಣನ ಮಗನ ಕಥೆ. ಅವನು ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾ. ಆ ವೀಸಾದವರು ಸಾಮಾನ್ಯವಾಗಿ ಇಲ್ಲಿ ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ; ಯಾವುದಾದರೊಂದು ರಾಜ್ಯ ಕೊಟ್ಟ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಲೇಖನದಲ್ಲಿ ಇದೊಂದು ಮಾತಿದ್ದಿದ್ದರೆ ಇಲ್ಲಿರುವ ಎಷ್ಟೋ ಕನ್ನಡದ ಹುಡುಗರಿಗೆ ಉಪಕಾರವಾಗುತ್ತಿತ್ತು. ನಮ್ಮವನು ಬೇಟೆ ಶಿಕ್ಷಣದ ತರಗತಿ ಮುಗಿಸಿ, ಪರವಾನಗಿ ಪಡೆದು, ನನ್ನನ್ನು ಒಂದು ಮಾತೂ ಕೇಳದೆ ಅಂಗಡಿಗೆ ಹೋದ. ಅಂಗಡಿಯವನು ಅವನ ಕೈಗೆ .300 ವಿಂಚೆಸ್ಟರ್ ಮ್ಯಾಗ್ನಂ ಕೊಟ್ಟ. ಬೆಟ್ಟ ಹತ್ತಲು ಹಗುರವಾಗಿರಲಿ ಎಂದು ಇದ್ದುದರಲ್ಲೇ ಹಗುರವಾದ ರೈಫಲ್. ಕೋವಿ ಹಗುರವಾದಷ್ಟೂ ಒದೆತ ಜೋರು ಎಂಬುದನ್ನು ಮಾತ್ರ ಹೇಳಲಿಲ್ಲ. ಮೊದಲ ದಿನದ ಐದನೆಯ ಈಡಿಗೆ ಕೋವಿಯ ಮೇಲಿನ ದುರ್ಬೀನಿನ ಅಂಚು ಹಿಂದಕ್ಕೆ ಬಂದು ಹುಬ್ಬನ್ನು ಸೀಳಿತು.

ಗಾಯ ಎರಡು ವಾರದಲ್ಲಿ ಮಾಯಿತು, ಹೆದರಿಕೆ ಮಾಯಲಿಲ್ಲ. ನಂತರ ಅವನು ನನ್ನೊಡನೆ ಗುರಿ ಅಭ್ಯಾಸದ ಮೈದಾನಕ್ಕೆ ಬಂದಾಗ ನೂರು ಗಜದ ಹಲಗೆಯಲ್ಲೂ ರಂಧ್ರಗಳು ಚೆಲ್ಲಾಪಿಲ್ಲಿ. ‘ಅತ್ತೆ, ಈ ದುರ್ಬೀನೇ ಸರಿಯಿಲ್ಲ’ ಎಂದ. ಅವನಿಗೆ ಗೊತ್ತಾಗದಂತೆ ಮದ್ದಿಲ್ಲದ ಅಭ್ಯಾಸದ ತೋಟೆಯೊಂದನ್ನು ಉಳಿದವುಗಳ ನಡುವೆ ಸೇರಿಸಿದೆ. ಅವನು ಕೋವಿಯ ಕುದುರೆ ಎಳೆದ. ಸದ್ದಿಲ್ಲ, ಹೊಗೆಯಿಲ್ಲ, ಆದರೂ ನಳಿಗೆ ನಾಲ್ಕು ಬೆರಳು ಕೆಳಗೆ ಹೋಯಿತು, ಕಣ್ಣು ಮುಚ್ಚಿತ್ತು. ಆ ಮೇಲೆ ಅವನು ದುರ್ಬೀನಿನ ಸುದ್ದಿ ಎತ್ತಲಿಲ್ಲ.

ಆ ಮ್ಯಾಗ್ನಂನಿಂದ ಅವನಿಗೆ ದಕ್ಕುತ್ತಿದ್ದುದಾದರೂ ಏನು? 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದ .30-06 ಎಂಬ ತೋಟೆಯನ್ನೇ ತೆಗೆದುಕೊಳ್ಳಿ. ಇಲ್ಲಿನ ಮುದುಕರ ಕೈಯಲ್ಲಿ ಇಂದಿಗೂ ಅದೇ. ಅದರ 180 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ನಳಿಗೆಯಿಂದ ಹೊರಡುತ್ತದೆ. ಗ್ರೇನ್ ಎನ್ನುವುದು ಗುಂಡಿನ ತೂಕ. ಒಂದು ಗ್ರಾಂಗೆ ಹದಿನೈದೂವರೆ ಗ್ರೇನ್ ಎಂದಿಟ್ಟುಕೊಳ್ಳಿ. ಅದೇ ತೂಕದ ಗುಂಡನ್ನು .300 ಮ್ಯಾಗ್ನಂ 2,950 ಅಡಿಯ ಆಸುಪಾಸಿನಲ್ಲಿ ಕಳಿಸುತ್ತದೆ. ಎರಡನ್ನೂ 200 ಗಜಕ್ಕೆ ಗುರಿ ಹೊಂದಿಸಿದರೆ 300 ಗಜದಲ್ಲಿ .30-06ರ ಗುಂಡು ಎಂಟೊಂಬತ್ತು ಅಂಗುಲ ಇಳಿದಿರುತ್ತದೆ, ಮ್ಯಾಗ್ನಂನದು ಅದಕ್ಕಿಂತ ಒಂದೆರಡು ಅಂಗುಲ ಕಡಿಮೆ. ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಒಂದು ಸಣ್ಣ ಮೊರದಷ್ಟು ಅಗಲ. ಆ ಒಂದೆರಡು ಅಂಗುಲಕ್ಕಾಗಿ ಹುಬ್ಬು ಕೊಯ್ಯಿಸಿಕೊಳ್ಳಬೇಕೇ? ಅರ್ಧ ಕಿಲೊಮೀಟರ್ ದೂರದಿಂದ ಹೊಡೆಯುತ್ತೇನೆ ಎನ್ನುವವರಿಗೆ ಮ್ಯಾಗ್ನಂನಿಂದ ಲಾಭವಿರಬಹುದು. ಅಷ್ಟು ದೂರದಿಂದ ಹೊಡೆಯುವುದೇ ನನಗೆ ಸೇರದು. ನನ್ನ ಮಿತಿ 250 ಗಜ, ಗಾಳಿ ಇದ್ದರೆ ಇನ್ನೂ ಕಡಿಮೆ.

ಕೊಲೊರಾಡೊ ಕಾನೂನು ಕೇಳುವುದು ಇದಕ್ಕಿಂತ ಬಹಳ ಕಡಿಮೆ. ನಳಿಗೆಯ ವ್ಯಾಸ ಕನಿಷ್ಠ .24 ಅಂಗುಲ, ಎಲ್ಕ್‌ಗೆ ಗುಂಡಿನ ತೂಕ ಕನಿಷ್ಠ 85 ಗ್ರೇನ್, ನೂರು ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ, ಜೊತೆಗೆ ತಗುಲಿದಾಗ ಅರಳುವ ಗುಂಡೇ ಆಗಿರಬೇಕು. ಕಾನೂನು ಒಪ್ಪುವುದೆಲ್ಲ ಬುದ್ಧಿವಂತಿಕೆಯಲ್ಲ; .243ರಂಥ ಸಣ್ಣ ತೋಟೆಯಲ್ಲಿ ಎಲ್ಕ್ ಬೇಟೆಗೆ ಹೋಗುವಂತೆ ನಾನು ಯಾರಿಗೂ ಹೇಳುವುದಿಲ್ಲ. 6.5 ಕ್ರೀಡ್‌ಮೂರ್, .270 ವಿಂಚೆಸ್ಟರ್, .308, .30-06, 7 ಮಿ.ಮೀ. ರೆಮಿಂಗ್ಟನ್ ಮ್ಯಾಗ್ನಂ, ಈ ತೋಟೆಗಳಲ್ಲಿ ಭುಜ ಯಾವುದನ್ನು ತಡೆಯುತ್ತದೋ ಅದು. ನನ್ನದು .270. 1925ರಲ್ಲಿ ಬಂದ ತೋಟೆ, ಬೋಲ್ಟ್ ರೈಫಲ್, ದುರ್ಬೀನು ಸೇರಿ ಮೂರೂವರೆ ಕಿಲೊಗಿಂತ ತುಸು ಹೆಚ್ಚು. ಅಂಗಡಿಯಲ್ಲಿ ಸಿಗುವ ರೈಫಲ್ಲುಗಳ ಹಿಂಬದಿಯ ಮರವನ್ನು ಆರಡಿಯ ಗಂಡಸಿನ ತೋಳಿಗೆ ಅಳತೆ ಮಾಡಿದಂತಿರುತ್ತದೆ. ನನ್ನದನ್ನು ಮುಕ್ಕಾಲು ಅಂಗುಲ ಕೊಯ್ಯಿಸಿ ತುದಿಗೆ ರಬ್ಬರ್ ಹಾಕಿಸಿದ ಮೇಲೆ ಅರ್ಧ ಒದೆತ ಕಾಣೆಯಾದಂತಾಯಿತು. ನಳಿಗೆಯ ತುದಿಗೆ ತೂತುಗಳ ಬ್ರೇಕ್ ಹಾಕಿಸಿಕೊಂಡು ಒದೆತ ಇಳಿಸುವವರಿದ್ದಾರೆ. ಭುಜ ಉಳಿಯುತ್ತದೆ, ಕಿವಿ ಹೋಗುತ್ತದೆ, ಪಕ್ಕದಲ್ಲಿ ನಿಂತವನದೂ ಸೇರಿ.

ಇಷ್ಟು ಕೋವಿಯದಾಯಿತು. ಲೇಖಕರು ಪೂರ್ತಿ ಮರೆತದ್ದು ಗುಂಡನ್ನು. ತೋಟೆಗೂ ಗುಂಡಿಗೂ ಒಂದೇ ಪದ ಬಳಸಿದ್ದರಿಂದಲೇ ಅದು ಅವರಿಗೆ ಕಾಣಲಿಲ್ಲವೇನೋ. ತೋಟೆಯೆಂದರೆ ಹಿತ್ತಾಳೆಯ ಚಿಪ್ಪು, ಮದ್ದು ಮತ್ತು ಗುಂಡು ಸೇರಿದ್ದು. ಪ್ರಾಣಿಗೆ ತಗುಲುವುದು ತುದಿಯ ಗುಂಡು ಮಾತ್ರ. ಒಂದೇ ರೈಫಲ್ಲಿಗೆ ಹತ್ತಾರು ಬಗೆಯ ಗುಂಡು ಸಿಗುತ್ತದೆ, ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಇದನ್ನು ನಾನು ಕಲಿತದ್ದು 2011ರಲ್ಲಿ, ನಾಚಿಕೆಯಾಗುವ ರೀತಿಯಲ್ಲಿ. ಗ್ರ್ಯಾಂಡ್ ಮೇಸಾ ಬೆಟ್ಟದ ಆಸ್ಪೆನ್ ಮರಗಳ ನಡುವೆ ಒಂದು ಹೆಣ್ಣು ಎಲ್ಕ್, 70 ಗಜವೂ ಇರಲಿಲ್ಲ. ನನ್ನ ಬಳಿ ಇದ್ದುದು ಅಗ್ಗದ 130 ಗ್ರೇನ್ ಗುಂಡು, ತೆಳು ತಾಮ್ರದ ಹೊದಿಕೆಯೊಳಗೆ ಮೆತ್ತನೆಯ ಸೀಸ. ಸಣ್ಣ ಜಿಂಕೆಗೆ ಸಾಕಾಗುವಂಥದ್ದು. ಅದು ಭುಜದ ಮೂಳೆಗೆ ಬಡಿಯಿತು. ಹತ್ತಿರದ ಈಡು, ಗುಂಡಿನ ವೇಗ ಹೆಚ್ಚೇನೂ ಇಳಿದಿರಲಿಲ್ಲ. ಗೋಡೆಗೆ ಎಸೆದ ಮಣ್ಣಿನ ಹೆಂಟೆಯಂತೆ ಪುಡಿಯಾಯಿತು. ಎಲ್ಕ್ ಮೂರು ಕಾಲಿನಲ್ಲಿ ಓಡಿತು. ಗಾಯಗೊಂಡ ಪ್ರಾಣಿಯನ್ನು ಹುಡುಕದೆ ಬಿಡುವುದು ಇಲ್ಲಿ ಕಾನೂನಿನಂತೆಯೂ ತಪ್ಪು, ಆದರೆ ಆ ರಾತ್ರಿ ನನ್ನನ್ನು ಮಲಗಗೊಡದಿದ್ದುದು ಕಾನೂನಲ್ಲ. ಮರುದಿನ ಮಧ್ಯಾಹ್ನ ನೆರೆಮನೆಯವರೊಂದಿಗೆ ಹುಡುಕಿ ತಲುಪಿದಾಗ ಅದು ಸತ್ತು ಬಹಳ ಹೊತ್ತಾಗಿತ್ತು. ಸುತ್ತ ಹಿಮವಿದ್ದರೂ ದಪ್ಪ ಚರ್ಮದೊಳಗೆ ಬಿಸಿ ಉಳಿದು ಹಿಂಗಾಲಿನ ಮಾಂಸ ಹುಳಿತಿತ್ತು. ಭುಜದ ಚರ್ಮದಡಿ ಬೆರಳಿಗೆ ಸಿಕ್ಕಿದ್ದು ಸುರುಟಿದ ತಾಮ್ರದ ಸಿಪ್ಪೆ. ಅದನ್ನು ಇಂದಿಗೂ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ.

ನನಗಿಂತ ಮೊದಲು ಇದೇ ಪಾಡು ಪಟ್ಟವರೊಬ್ಬರಿದ್ದರು. ಒರೆಗಾನ್‌ನಲ್ಲಿ ಲಾರಿ ಸಾಗಣೆ ನಡೆಸುತ್ತಿದ್ದ ಜಾನ್ ನೋಸ್ಲರ್ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಒಂದಕ್ಕೆ ಹತ್ತಿರದಿಂದ ಹೊಡೆದಾಗ ಅವರ ಗುಂಡುಗಳೂ ಒಳಗಿಳಿಯದೆ ಒಡೆದುಹೋದವು. ಅವರ ಕೈಯಲ್ಲಿದ್ದುದೂ ಒಂದು ಮ್ಯಾಗ್ನಂ, .300 ಎಚ್ ಆ್ಯಂಡ್ ಎಚ್, ಎಂಬುದನ್ನು ತಮ್ಮ ಲೇಖಕರು ಗಮನಿಸಬೇಕು. ಊರಿಗೆ ಮರಳಿ ಅವರು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಬಿಟ್ಟು ಹೊಸದೊಂದನ್ನು ತಯಾರಿಸಿದರು. ಮುಂದಿನ ಅರ್ಧ ಅಣಬೆಯಂತೆ ಅರಳುತ್ತದೆ, ಹಿಂದಿನ ಅರ್ಧ ಒಡೆಯದೆ ಒಳಕ್ಕೆ ನುಗ್ಗುತ್ತದೆ. ಪಾರ್ಟಿಷನ್ ಎಂಬ ಆ ಗುಂಡು ಇಂದಿಗೂ ಮಾರಾಟದಲ್ಲಿದೆ. 2012ರಿಂದ ಅದೇ .270ರಲ್ಲಿ 150 ಗ್ರೇನ್ ಪಾರ್ಟಿಷನ್ ಹಾಕಿ ಹೊಡೆದ ಯಾವ ಎಲ್ಕ್ ಕೂಡ ನೂರು ಗಜ ದಾಟಿ ಹೋಗಲಿಲ್ಲ. ಕೋವಿ ಬದಲಾಗಿರಲಿಲ್ಲ ನೋಡಿ.

ಈಚಿನ ಕೆಲವು ವರ್ಷಗಳಿಂದ ಪೂರ್ತಿ ತಾಮ್ರದ ಗುಂಡಿಗೆ ಬಂದಿದ್ದೇನೆ. ಸೀಸದ ಗುಂಡು ತಗುಲಿದ ಮಾಂಸವನ್ನು ಎಕ್ಸ್‌-ರೇ ಹಿಡಿದರೆ ಗಾಯದಿಂದ ದೂರದವರೆಗೆ ಸಾಸಿವೆಗಿಂತ ಸಣ್ಣ ಚೂರುಗಳು ಹರಡಿರುವುದು ಕಾಣುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಸೀಸ ಎಷ್ಟು ಕೆಟ್ಟದ್ದೆಂದು ನರ್ಸ್ ಆದವಳಿಗೆ ಯಾರೂ ಹೇಳಬೇಕಿಲ್ಲ. ನನ್ನ ಮಗಳು ಬಸುರಿಯಾದ ವರ್ಷ ಹಳೆಯ ಡಬ್ಬಿಗಳನ್ನು ಅಭ್ಯಾಸಕ್ಕೆ ಇಟ್ಟೆ. ಕ್ಯಾಲಿಫೋರ್ನಿಯಾದಲ್ಲಿ ಕಾಂಡೋರ್ ರಣಹದ್ದುಗಳ ಉಳಿವಿಗಾಗಿ ಹೋರಾಡಿದವರ ಒತ್ತಾಯದಿಂದ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ತಾಮ್ರಕ್ಕೆ ತನ್ನದೇ ಹಟವಿದೆ: ವೇಗ ಇಳಿದರೆ ಸರಿಯಾಗಿ ಅರಳುವುದಿಲ್ಲ. ಆದ್ದರಿಂದ ತೂಕ ಇಳಿಸಿ 130 ಗ್ರೇನ್‌ಗೆ ಬಂದೆ, ದೂರದ ಆಸೆಯನ್ನು ಇನ್ನಷ್ಟು ಬಿಟ್ಟೆ. 20 ತೋಟೆಗಳ ಡಬ್ಬಿಗೆ 50 ಡಾಲರ್ ದಾಟುತ್ತದೆ, ನಿಜ. ಮೂರು ಬಗೆಯ ಡಬ್ಬಿ ತಂದು ನಿಮ್ಮ ನಳಿಗೆ ಯಾವುದನ್ನು ಒಪ್ಪುತ್ತದೆ ಎಂದು ನೋಡಿಕೊಳ್ಳಬೇಕು. ಒಂದೇ ಕಾರ್ಖಾನೆಯ ಎರಡು ರೈಫಲ್ಲುಗಳಿಗೂ ಒಂದೇ ತೋಟೆ ಹಿಡಿಸಬೇಕೆಂದಿಲ್ಲ. ಮ್ಯಾಗ್ನಂಗೆ ಸುರಿಯುವ ದುಡ್ಡಿನಲ್ಲಿ ಇದಾಗುತ್ತದೆ.

ಅಣ್ಣನ ಮಗ ಆ ರೈಫಲ್ಲನ್ನು ನಷ್ಟಕ್ಕೆ ಮಾರಿ .308 ಕೊಂಡ. ಬೇಸಿಗೆ ಪೂರ್ತಿ ಮೇಜಿನ ಆಸರೆಯಿಲ್ಲದೆ ಕುಳಿತು, ಮಂಡಿಯೂರಿ, ಎರಡು ಕೋಲಿನ ಮೇಲಿಟ್ಟು ಅಭ್ಯಾಸ ಮಾಡಿಸಿದೆ. ಕಳೆದ ನವೆಂಬರ್‌ನಲ್ಲಿ 140 ಗಜದಿಂದ ಹೆಣ್ಣು ಎಲ್ಕ್ ಒಂದನ್ನು ಒಂದೇ ಈಡಿಗೆ ಕೆಡವಿದ. ತೊಡೆಗಳನ್ನು ಬೆನ್ನ ಮೇಲೆ ಹೊತ್ತು ನಾಲ್ಕು ಸಲ ಇಳಿದು ಹತ್ತಿದೆವು. ಲೇಖಕರು ಆ ಭಾಗವನ್ನು ಬರೆದಿದ್ದರೆ ಸಂತೋಷಪಡುತ್ತಿದ್ದೆ. ನಮ್ಮ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಹಾಕಿದ ಸಾರು ಚೆನ್ನಾಗಿಯೇ ಆಯಿತು. ಕೊಬ್ಬಿಲ್ಲದ ಮಾಂಸ, ಹಂದಿಯ ಹಾಗೆ ತಾನೇ ಬೇಯುವುದಿಲ್ಲ, ಎಣ್ಣೆ ಸ್ವಲ್ಪ ಹೆಚ್ಚು ಬೇಕು.

ಈ ಸಲವೂ ಕೈಲ್ ಮುಹೂರ್ತಕ್ಕೆ ಎರಡೂ ರೈಫಲ್ಲುಗಳನ್ನು ಮೇಜಿನ ಮೇಲಿಟ್ಟು ಪೂಜೆ ಮಾಡುತ್ತೇವೆ. ಇಲ್ಲಿ ತೋಕ್ ಪೂ ಸಿಗದು, ಹಿತ್ತಲಿನ ಚೆಂಡು ಹೂವು ಸಿಕ್ಕಿಸುತ್ತೇವೆ. ತಮ್ಮಲ್ಲಿ ಕೋರಿಕೆ ಇಷ್ಟೇ: ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕುವುದಾದರೆ ಪ್ರಾಣಿಯನ್ನು ಎಲ್ಕ್ ಎಂದೇ ಬರೆಯಿರಿ, ಮತ್ತು ಗುಂಡಿಗೂ ತೋಟೆಗೂ ಬೇರೆ ಬೇರೆ ಪದ ಬಳಸಿ.

– ಕೊಡಗಿನ ಒಬ್ಬ ಓದುಗಿ, ಗ್ರ್ಯಾಂಡ್ ಜಂಕ್ಷನ್, ಕೊಲೊರಾಡೊ