ಕರೆಸಿ ಕೇಳಬಹುದಿತ್ತು

ಪ್ರಿಯ ಗೆಳೆಯ,

ಮೊನ್ನೆ ರಾತ್ರಿ ಕೂತು ಶೇಕ್ಸ್‌ಪಿಯರ್‌ನ 'ಒಥೆಲೊ' ಮತ್ತೆ ಓದಿದೆ. ಹಿಂದೆ ಇಬ್ಬರೂ ಗಟ್ಟಿಯಾಗಿ ಓದುತ್ತಿದ್ದಾಗ ಕೇಡಿಗ ಇಯಾಗೊನ ಮಾತುಗಳೆಲ್ಲ ನಿನ್ನವು, ಮಿಕ್ಕವರದ್ದೆಲ್ಲ ನನ್ನದು. ನಿನ್ನ ಕಥೆಯ ಕುದುರೆಯ ವಿಷಯ ಇಲ್ಲಿ ಎತ್ತುವುದಿಲ್ಲ, ಗಾಬರಿಯಾಗಬೇಡ.

ಈ ಸಲ ಮೊದಲ ಅಂಕದಲ್ಲೇ ಸಿಕ್ಕಿಹಾಕಿಕೊಂಡೆ. ವೆನಿಸ್‌ನಲ್ಲಿ ಸರಿರಾತ್ರಿ ಸಭೆ ಸೇರಿದೆ. ತುರ್ಕರ ಹಡಗುಗಳು ಸೈಪ್ರಸ್‌ನ ಮೇಲೆ ಕಣ್ಣಿಟ್ಟಿವೆ. ಆ ಗಡಿಬಿಡಿಯ ನಡುವೆ ಬ್ರಬಾನ್ಶಿಯೊ ಬಂದು, ಆಫ್ರಿಕಾ ಮೂಲದ ಈ ಮೂರ್ ದಂಡನಾಯಕ ಒಥೆಲೊ ಮಾಟ ಮಾಡಿ ನನ್ನ ಮಗಳನ್ನು ಒಲಿಸಿಕೊಂಡ ಎಂದು ದೂರುತ್ತಾನೆ. ಒಥೆಲೊ ಕೂಗಾಡುವುದಿಲ್ಲ. ಅವಳನ್ನೇ ಕರೆಸಿ, ತಂದೆಯ ಎದುರಿಗೇ ಕೇಳಿ ಎನ್ನುತ್ತಾನೆ. ಡೆಸ್ಡಿಮೋನಾ ಬಂದು ಬಾಯಿಬಿಟ್ಟು ಹೇಳುತ್ತಾಳೆ, ದೂರು ಬಿದ್ದುಹೋಗುತ್ತದೆ.

ಅದೇ ಮನುಷ್ಯ ಸೈಪ್ರಸ್‌ನಲ್ಲಿ, ನಿನ್ನ ಹೆಂಡತಿಗೂ ನಿನ್ನ ಉಪನಾಯಕ ಕ್ಯಾಸಿಯೊನಿಗೂ ಸಂಬಂಧವಿದೆ ಎಂದು ಕೈಕೆಳಗಿನ ಇಯಾಗೊ ಕಿವಿಯೂದಿದಾಗ, ಕ್ಯಾಸಿಯೊನನ್ನು ಕರೆಸಿ ಒಂದು ಮಾತು ಕೇಳುವುದಿಲ್ಲ. ಹೆಂಡತಿಯನ್ನು ಕೇಳುತ್ತಾನೆ, ನಿಜ. ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ಕೇಳುತ್ತಾನೆ.

ಅವನದು ಹಿತ್ತಾಳೆ ಕಿವಿ ಎಂದು ನೀನು ಹೇಳುತ್ತಿದ್ದೆ. ನಾನು ಒಪ್ಪಲಾರೆ. ಕಣ್ಣಾರೆ ಕಾಣುವ ಪುರಾವೆ ಕೊಡು, ಇಲ್ಲದಿದ್ದರೆ ನಿನ್ನನ್ನು ಬಿಡುವುದಿಲ್ಲ ಎಂದು ಇಯಾಗೊನ ಮೇಲೇ ಏರಿಹೋಗುತ್ತಾನಲ್ಲ! ಆದರೆ ಆ ಪುರಾವೆ ತರುವ ಕೆಲಸವನ್ನೂ ಇಯಾಗೊನಿಗೇ ಒಪ್ಪಿಸುತ್ತಾನೆ. ಏಳನೆಯ ವಯಸ್ಸಿನಿಂದ ದಂಡಿನಲ್ಲೇ ಬೆಳೆದವನು. ಪಕ್ಕದಲ್ಲಿ ನಿಂತವನನ್ನು ನಂಬದಿದ್ದರೆ ಅಲ್ಲಿ ಜೀವ ಉಳಿಯುವುದಿಲ್ಲ. ವೆನಿಸ್‌ನ ಮನೆಗಳ ಒಳಗುಟ್ಟು ಹೊರಗಿನವನಾದ ತನಗೆ ತಿಳಿಯದು, ಇಯಾಗೊನಿಗೆ ತಿಳಿದಿದೆ ಎಂಬ ಅಳುಕು ಬೇರೆ. ಹಾಗಾಗಿ ಅವನ ನಂಬಿಕೆ ಸಾಯುವುದೇ ಇಲ್ಲ. ಡೆಸ್ಡಿಮೋನಾಳ ಮೇಲಿದ್ದುದು ಇಡಿಯಾಗಿ ಇಯಾಗೊನ ಮೇಲೆ ಹೋಗಿ ಕೂರುತ್ತದೆ. ಅವನ ಅಸೂಯೆಗೆ ಬಲ ಬಂದದ್ದು ಅಲ್ಲಿಂದಲೇ.

ಕರವಸ್ತ್ರವನ್ನೇ ನೋಡು. ಒಥೆಲೊ ತಲೆನೋವು ಎನ್ನುತ್ತಾನೆ. ಅವಳು ಹಣೆಗೆ ಕಟ್ಟಲು ಸ್ಟ್ರಾಬೆರಿ ಕಸೂತಿಯ ಆ ವಸ್ತ್ರವನ್ನು ತೆಗೆಯುತ್ತಾಳೆ. ಅದು ಚಿಕ್ಕದಾಯಿತು, ಬಿಡು ಎನ್ನುತ್ತಾನೆ. ಬೀಳುತ್ತದೆ. ತನ್ನ ಕಣ್ಣೆದುರೇ ಬಿದ್ದದ್ದನ್ನು ಅವಳು ಕ್ಯಾಸಿಯೊನಿಗೆ ಕೊಟ್ಟಳೆಂದು ಆಮೇಲೆ ನಂಬುತ್ತಾನೆ! 1604ರ ನವೆಂಬರ್‌ನಲ್ಲಿ ವೈಟ್‌ಹಾಲ್ ಅರಮನೆಯಲ್ಲಿ ಈ ನಾಟಕ ನೋಡಿದವರಿಗೂ ಎದ್ದು ನಿಂತು ಕೂಗಬೇಕೆನಿಸಿರಬೇಕು.

ಇನ್ನೊಂದು ದೃಶ್ಯವಿದೆ. ಕ್ಯಾಸಿಯೊ ತನ್ನ ಪ್ರೇಯಸಿ ಬಿಯಾಂಕಾಳ ಮಾತು ಬಂದಾಗ ನಗುತ್ತಾನೆ. ಮರೆಯಲ್ಲಿ ನಿಂತ ಒಥೆಲೊಗೆ ಮಾತು ಕೇಳಿಸುವುದಿಲ್ಲ, ನಗು ಮಾತ್ರ ಕಾಣುತ್ತದೆ; ತನ್ನ ಹೆಂಡತಿಯ ವಿಷಯಕ್ಕೇ ನಗುತ್ತಿದ್ದಾನೆ ಎಂದುಕೊಳ್ಳುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನೆನಪಾಯಿತು. ಪುಸ್ತಕ ಮುಚ್ಚಿಟ್ಟೆ.

ಏಕೆಂದರೆ ನನ್ನ ಮೊಬೈಲ್‌ನಲ್ಲಿ ನೀನು ನಗುತ್ತಿರುವ ಒಂದು ಫೋಟೊ ಇದೆ. ನೀನು ನಿನ್ನ ಹೊಸ ಕಥೆಯನ್ನು ಬೇರೊಬ್ಬರಿಗೆ ಮೊದಲು ಓದಿಸಿದೆ, ನನ್ನ ಅಭಿಪ್ರಾಯಕ್ಕೆ ಕಾಯುವುದು ನಿನಗೆ ಸಾಕಾಗಿದೆ ಎಂದು ಒಬ್ಬರು ಹೇಳಿದ್ದರು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದೂ ಸೇರಿಸಿದ್ದರು. ಆಮೇಲೆ ಆ ಫೋಟೊ ಬಂತು. ನೀನು ನನ್ನನ್ನು ಕುರಿತೇ ನಗುತ್ತಿದ್ದೀಯೆ ಎಂದು ನಿಶ್ಚಯಿಸಿದೆ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನಿನ್ನ ಮುಖ ನೋಡಿದ್ದೇನೆ. ಮೂರು ತಿಂಗಳು ನಿನ್ನ ಕರೆಗಳನ್ನು ತೆಗೆಯದೆ ಬಿಟ್ಟದ್ದಕ್ಕೆ ಕೆಲಸದ ಒತ್ತಡ ಕಾರಣವಲ್ಲ. ನಿನಗೆ ಬಹುಮಾನ ಬಂದ ದಿನ ಅಭಿನಂದನೆಯ ಒಂದು ಸಾಲು ಬರೆದು, ಅಳಿಸಿ, ಮಲಗಿದೆ. ನಿದ್ದೆ ಬರಲಿಲ್ಲ. ನಿನ್ನನ್ನು ಕರೆದು ಕೇಳಲು ಅರ್ಧ ನಿಮಿಷ ಸಾಕಾಗುತ್ತಿತ್ತು. ಹೇಳಿದವರ ಮಾತಿನಲ್ಲಿ ಒಂದಿಷ್ಟೂ ಅನುಮಾನ ಬರಲಿಲ್ಲ, ನಿನ್ನ ಮೇಲೆ ಮಾತ್ರ ಬಂತು.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ಇಯಾಗೊನ ಬಗ್ಗೆ ಎರಡು ಪುಟ ಬರೆದು ನಿನ್ನನ್ನು ಕೆಣಕುವುದಷ್ಟೇ ಇತ್ತು. ಇದನ್ನು ಓದುತ್ತಿರುವ ಉಳಿದವರು ನಮ್ಮಿಬ್ಬರನ್ನು ಸ್ವಲ್ಪ ಹೊತ್ತು ನಮ್ಮ ಪಾಡಿಗೆ ಬಿಡಲಿ.

ಭಾನುವಾರ ನಾನೇ ಫೋನ್ ಮಾಡುತ್ತೇನೆ. ಕಥೆ ಕಳಿಸು, ಎಷ್ಟನೆಯ ಓದುಗನಾದರೂ ಸರಿ. ಷರತ್ತು ಮಾತ್ರ ಹಳೆಯದೇ: ಮೂರನೆಯ ಪುಟದೊಳಗೆ ಕುದುರೆ ಬಂದಿರಬೇಕು, ಈ ಸಲ ನಾಲ್ಕೂ ಕಾಲಿರಲಿ.

ನಿನ್ನ,
ಮಿಕ್ಕವರೆಲ್ಲರೂ