ಕಾರವಾನಿ ಎಂದರೆ ಕಾರವಾರದ ನಾಯಿಯಲ್ಲ

ಜತ್ತ ತಾಲ್ಲೂಕಿನ ನಾಯಿ ಸಾಕುವ ಬಂಧುಗಳಿಗೆ ನಮಸ್ಕಾರ.

ನಮ್ಮ ಬೇಟೆನಾಯಿ ತಳಿಯ ‘ಕಾರವಾನಿ’ ಎಂಬ ಹೆಸರು ಕಾರವಾರದಿಂದ ಬಂತು ಎಂದು ನಿನ್ನೆ ಗುಂಪಿನಲ್ಲಿ ಒಬ್ಬರು ಹಾಕಿದ್ದಾರೆ. ದಯವಿಟ್ಟು ಅದನ್ನು ಬೇರೆಯವರಿಗೆ ಕಳುಹಿಸಬೇಡಿ. ಅದು ಫಾರಸಿಯ ‘ಕಾರವಾನ್’, ಅಂದರೆ ಒಟ್ಟಾಗಿ ದೂರ ಸಾಗುವ ವರ್ತಕರ ತಂಡ. ಅಂಥವರ ಜೊತೆಗಿದ್ದ ನಾಯಿ ಕಾರವಾನಿ.

ಕಿವಿ, ಬಾಲದಲ್ಲಿ ರೇಷ್ಮೆಯಂಥ ಕೂದಲಿರುವುದನ್ನು ‘ಪಶ್ಮಿ’ ಎನ್ನುತ್ತೇವಲ್ಲ, ಅದೂ ಫಾರಸಿಯೇ. ಪಶ್ಮ್ ಎಂದರೆ ಉಣ್ಣೆ. ನಮ್ಮ ಪಶ್ಮಿ ಜೋಳದ ಹೊಲ ಸುತ್ತಿ ಬಂದಾಗ ಕಿವಿಗೂದಲಿಗೆ ಅಂಟಿದ ಮುಳ್ಳನ್ನು ಒಂದೊಂದಾಗಿ ಬಿಡಿಸುತ್ತ ಕೂರುತ್ತೇನೆ. ಎಷ್ಟು ಒಪ್ಪುವ ಹೆಸರು ಎನಿಸುತ್ತದೆ.

ಗಡಿಯಾಚೆ ಕರ್ನಾಟಕದಲ್ಲಿ ಇದೇ ತಳಿಗೆ ಮುಧೋಳ ನಾಯಿ ಎನ್ನುತ್ತಾರೆ. ಅದು ಘೋರ್ಪಡೆ ಅರಸರ ಊರಿನ ಹೆಸರು. 2005ರ ಭಾರತದ ಅಂಚೆಚೀಟಿಯಲ್ಲಿರುವುದೂ ಇದೇ ಮುಧೋಳ ನಾಯಿ.