ಭಾನುವಾರದ ಚರ್ಚೆಗೆ: ನಾನಾವತಿ ಕೇಸು, ಜ್ಯೂರಿಗೆ ಕೊಟ್ಟ ಸೂಚನೆ

ಎಲ್ಲರಿಗೂ ನಮಸ್ಕಾರ. ಈ ವಾರ ನಾನಾವತಿ ಕೇಸು: ಹೆಂಡತಿಯ ಪ್ರಿಯಕರ ಅಹುಜಾನನ್ನು ಗುಂಡಿಕ್ಕಿ ಕೊಂದ ಆರೋಪ ಹೊತ್ತ ನೌಕಾಪಡೆ ಅಧಿಕಾರಿಯ ವಿಚಾರಣೆ. ಗಾಸಿಪ್ ಬೇಡ, ಜಡ್ಜ್ ಜ್ಯೂರಿಗೆ (ಆರೋಪಿ ತಪ್ಪಿತಸ್ಥನೋ ಅಲ್ಲವೋ ಹೇಳುವ ಸಾಮಾನ್ಯ ನಾಗರಿಕರ ತಂಡಕ್ಕೆ) ಏನು ಹೇಳಿದರು ಅನ್ನೋದನ್ನೇ ನೋಡೋಣ.

1959ರ ಏಪ್ರಿಲ್ 27, ಬಾಂಬೆ. ಹೆಂಡತಿ ಸಂಬಂಧ ಒಪ್ಪಿಕೊಂಡ ಮೇಲೆ ನಾನಾವತಿ ಅವಳನ್ನೂ ಮಕ್ಕಳನ್ನೂ ಸಿನಿಮಾಗೆ ಬಿಟ್ಟರು. ಹಡಗಿಗೆ ಹೋಗಿ ಸುಳ್ಳು ನೆಪ ಹೇಳಿ ರಿವಾಲ್ವರ್, 6 ಗುಂಡು ತೆಗೆದುಕೊಂಡರು. ಮನೆ ಬಿಟ್ಟಿದ್ದು ಮಧ್ಯಾಹ್ನ 1.30ಕ್ಕೆ, ಅಹುಜಾಗೆ ಗುಂಡು ಬಿದ್ದಿದ್ದು 4.20ರ ಹೊತ್ತಿಗೆ. ಅಷ್ಟರಲ್ಲಿ ಸಿಟ್ಟು ಆರೋದಿಲ್ವಾ? ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ (ದಿಢೀರ್ ಕೆರಳಿಸಿದ್ದರಿಂದ ಹತೋಟಿ ತಪ್ಪಿ ಕೊಂದರೆ ಅದು ಕೊಲೆಗಿಂತ ಕಡಿಮೆ ಅಪರಾಧ) ಅನ್ನೋ ವಾದ ಸುಪ್ರೀಂ ಕೋರ್ಟಿನಲ್ಲಿ ಬಿದ್ದಿದ್ದು ಇಲ್ಲೇ. ನನಗಂತೂ ಅದು ಸರಿ ಅನಿಸುತ್ತದೆ.

ಜ್ಯೂರಿ 8-1ರಲ್ಲಿ ನಿರ್ದೋಷಿ ಅಂದಿತ್ತು. ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಆದರೆ ಅವರ ಸೂಚನೆಯಲ್ಲೇ ತಪ್ಪುಗಳು ಸಿಕ್ಕವು! ಗುಂಡು ಹಾರಿದ್ದು ‘ಆಕಸ್ಮಿಕ’ ಅನ್ನುವ ಆರೋಪಿಯೇ ಅದನ್ನು ತೋರಿಸಬೇಕು ಅಂತ ಜ್ಯೂರಿಗೆ ತಿಳಿಸಿರಲಿಲ್ಲ. ಹೈಕೋರ್ಟ್ ಕೊಟ್ಟ ಜೀವಾವಧಿ ಶಿಕ್ಷೆಯನ್ನು 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ದಯವಿಟ್ಟು ಹಳೆಯ ದಂಡ ಸಂಹಿತೆಯ 80 (ಆಕಸ್ಮಿಕ) ಮತ್ತು 300ನೇ (ಕೊಲೆ) ಸೆಕ್ಷನ್, ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೇ ಸೆಕ್ಷನ್ (ಕೊಲೆ) ಓದಿಕೊಂಡು ಬನ್ನಿ. ಕೊಲೆಯ ಸೆಕ್ಷನ್‌ನ ಮೊದಲ ವಿನಾಯಿತಿಗೆ, ಅಂದರೆ ಹಠಾತ್ ಪ್ರಚೋದನೆಗೆ, ಜಾಸ್ತಿ ಸಮಯ ಕೊಡಿ.